ದಗಡಿ ಕಮಾನು ಬಿಚ್ಚಿ ಕಟ್ಟಿದ ಬೇಸಿಗೆ

ಕಳೆದ ವಾರ ಬಿಬವೇವಾಡಿಯ ನಮ್ಮ ಓಣಿಯಲ್ಲಿ ಒಂದು ಹಳೆಯ ಮನೆಯ ರಿಪೇರಿ ನಡೆದಿತ್ತು. ನಾನು ಕಾಯಿಪಲ್ಲೆಯ ಚೀಲ ಹಿಡಿದು ಆ ಕಡೆಯಿಂದ ಬರುತ್ತಿದ್ದೆ. ಗೇಟಿನ ಬದಿಗೆ ಇಟ್ಟಿಗೆ ಜೋಡಿಸಿ ಮಾಡಿದ ತೊಟ್ಟಿಯಲ್ಲಿ ಯಾರೋ ಸುಣ್ಣದ ಕಲ್ಲು ಹಾಕಿ ನೀರು ಬಿಟ್ಟಿದ್ದರು. ಅದು ಕೊತಕೊತ ಕುದಿಯುತ್ತ ಉಗಿ ಬಿಡುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತವು. ಎಷ್ಟು ಹೊತ್ತು ನಿಂತೆನೋ, ಮನೆಯ ಯಜಮಾನರು ಹೊರಗೆ ಬಂದು "ಕಾಯ್ ಝಾಲಂ, ಕಾಕೂ?" ಎಂದರು. ಏನಾಯಿತು ಎಂದು ಕೇಳಿದ್ದು. "ಕಾಹೀ ನಾಹೀ," ಏನಿಲ್ಲ ಎಂದು ನಕ್ಕು ಮುಂದೆ ಬಂದೆ. ಮನೆಗೆ ಬಂದು ಚೀಲ ಕೆಳಗಿಟ್ಟ ಮೇಲೂ ಆ ವಾಸನೆ ಬಿಡಲಿಲ್ಲ. ಮೂರು ವರ್ಷದ ಹಿಂದಿನ ಒಂದು ಬೇಸಿಗೆ ನನ್ನ ಬೆನ್ನು ಹತ್ತಿ ಅಡುಗೆಮನೆಯವರೆಗೂ ಬಂದಿತ್ತು.

ಆ ವರ್ಷ ಮಗಳು ಹಾಸ್ಟೆಲಿಗೆ ಸೇರಿದ್ದಳು. ನಮ್ಮವರು ಹಿಂಜವಾಡಿಯ ಒಂದು ಕಂಪನಿಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಏಳಕ್ಕೆ ಕಂಪನಿಯ ಬಸ್ಸು ಹತ್ತಿದರೆ ತಿರುಗಿ ಬರುವುದು ಸಂಜೆ ಏಳಕ್ಕೆ. ನಾನು ಧಾರವಾಡದಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದವಳು. ಮದುವೆಗೆ ಮುಂಚೆ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಎರಡು ವರ್ಷ ಕಟ್ಟಡಗಳ ನಕ್ಷೆ ಬರೆಯುತ್ತಿದ್ದೆ. ಪುಣೆಗೆ ಬಂದ ಮೇಲೆ ಆ ಕೈ ನಿಂತೇ ಹೋಗಿತ್ತು. ನಲವತ್ಮೂರನೆಯ ವಯಸ್ಸಿನಲ್ಲಿ, ಮನೆ ಬರಿದಾದ ಮೇಲೆ, ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುವುದನ್ನು ಕಲಿತು ಕೆಲಸ ಹುಡುಕುತ್ತ ಹೊರಟೆ. ನಾಲ್ಕಾರು ಕಡೆ "ಹೇಳಿ ಕಳಿಸ್ತೀವಿ, ತಿಳಿಸ್ತೀವಿ" ಅಂದರು. ಕೇತಕಿ ಮ್ಯಾಡಮ್ ಒಬ್ಬರೇ "ನಾಳೆಯಿಂದ ಬನ್ನಿ" ಅಂದದ್ದು. ಅವರು ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಆರ್ಕಿಟೆಕ್ಟ್. ನನಗಿಂತ ಐದು ವರ್ಷ ದೊಡ್ಡವರು, ಮಾತು ಕಡಿಮೆ. ನನ್ನ ನಡುವಿನ ಇಪ್ಪತ್ತು ವರ್ಷ ಎಲ್ಲಿ ಹೋದವು ಎಂದು ಅವರು ಕೇಳಲೇ ಇಲ್ಲ. ಅದಕ್ಕೇ ನಾನು ಅವರಿಗೆ ಮೊದಲ ದಿನವೇ ಸೋತುಹೋದೆ.

ಅವರು ನನಗೆ ಕೊಟ್ಟ ಮೊದಲ ದೊಡ್ಡ ಕೆಲಸ ದಗಡಿ ಕಮಾನು.

ಪುಣೆಯ ಹಳೆಯ ಪೇಠೆಯೊಂದರ ಬಾಯಲ್ಲಿ ನಿಂತಿರುವ ಕರಿಕಲ್ಲಿನ ಕಮಾನು ಅದು. ಮರಾಠಿಯಲ್ಲಿ ದಗಡ್ ಎಂದರೆ ಕಲ್ಲು. ಪೇಠೆಯ ಜನಕ್ಕೆ ಅಷ್ಟೇ ಹೆಸರು ಸಾಕಾಗಿತ್ತು. ಹದಿನಾಲ್ಕು ಅಡಿ ಅಗಲ, ನೆತ್ತಿಯವರೆಗೆ ಇಪ್ಪತ್ತೊಂದು ಅಡಿ ಎತ್ತರ. ಮೇಲಕ್ಕೆ ಹೋಗುತ್ತ ಮೊನಚಾಗುವ ಆಕಾರ, ಕೈ ಮುಗಿದಾಗ ಬೆರಳುಗಳು ಕೂಡುವ ಹಾಗೆ. ಎರಡೂ ಭುಜಗಳ ಮೇಲೆ ಒಂದೊಂದು ಕಲ್ಲಿನ ಕಮಲ. ಎಡದ್ದಕ್ಕೆ ಎಂಟು ಎಸಳು, ಬಲದ್ದಕ್ಕೆ ಒಂಬತ್ತು. ಒಳಗೋಡೆಯಲ್ಲಿ ದೀಪದ ಗೂಡುಗಳು, ಬಾಗಿಲು ನಿಲ್ಲಿಸುತ್ತಿದ್ದ ದಪ್ಪ ಕಬ್ಬಿಣದ ಬಳೆಗಳು. ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿದರೆ ಮೇಲೆ ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಜಾಗ.

ಇದನ್ನು ಯಾರು ಕಟ್ಟಿಸಿದರು ಎಂಬುದಕ್ಕೆ ಖಚಿತ ಉತ್ತರ ಇರಲಿಲ್ಲ. ಪೇಶವೆಯರ ಕಾಲದ ಒಬ್ಬ ಸರದಾರ ತನ್ನ ವಾಡೆಯ ಮುಂದೆ ಕಟ್ಟಿಸಿದ, ವಾಡೆಗೆ ಬೆಂಕಿ ಬಿದ್ದು ಕಮಾನು ಮಾತ್ರ ಉಳಿಯಿತು ಎಂಬುದು ಹೆಚ್ಚಿನವರ ಮಾತು. ಕಮಾನಿನ ಕೆಳಗೆ ಹೂ ಮಾರುವ ಒಬ್ಬಳಿದ್ದಳು; ಎಲ್ಲರ ಬಾಯಲ್ಲೂ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಅವಳ ಅತ್ತೆಯೂ ಅಲ್ಲೇ ಕೂತು ಹೂ ಮಾರಿದವಳು. "ಹತ್ತೀ ಜಾಯಚಾ ಇಥೂನ," ಇಲ್ಲಿಂದ ಆನೆ ಹೋಗುತ್ತಿತ್ತು ಎಂದು ತಾನೇ ನಿನ್ನೆ ನೋಡಿದ ಹಾಗೆ ಹೇಳುತ್ತಿದ್ದಳು. ಅಳತೆ ತೆಗೆದ ಮೇಲೆ ನನಗೂ ಅವಳ ಮಾತು ಸುಳ್ಳೆನಿಸಲಿಲ್ಲ. ಅಂಬಾರಿ ಹೊತ್ತ ಆನೆ ತಲೆ ತಗ್ಗಿಸದೆ ಹೋಗಬಹುದಾದ ಎತ್ತರವೇ ಅದು.

ಈಗ ಅದರ ಕೆಳಗೆ ರಿಕ್ಷಾ, ಸ್ಕೂಟರು, ಟೆಂಪೊ. ಹಿಂದಿನ ವರ್ಷ ಕಬ್ಬಿಣದ ಪೈಪು ಹೇರಿಕೊಂಡ ಟೆಂಪೊ ಒಂದು ಪಶ್ಚಿಮದ ಕಡೆಯಿಂದ ನುಗ್ಗಿ ಬಂದು ಕಮಾನಿಗೆ ಬಡಿದಿತ್ತು. ಅದಕ್ಕೂ ಮುಂಚೆಯೇ ಒಂದು ಅರಳಿಗಿಡ ಸಂದಿಯಲ್ಲಿ ಬೇರು ಬಿಟ್ಟಿತ್ತು. ಯಾವುದೋ ಕಾಲದಲ್ಲಿ ಬಳಿದ ಸಿಮೆಂಟಿನ ಪ್ಲಾಸ್ಟರು ನೀರನ್ನು ಒಳಗೇ ಹಿಡಿದಿಟ್ಟು ಕಲ್ಲುಗಳ ನಡುವಿನ ಗಚ್ಚನ್ನು ಪುಡಿ ಮಾಡಿತ್ತು. ಪಶ್ಚಿಮದ ಮುಖದ ನೆತ್ತಿಯ ಕಲ್ಲು ಎರಡು ಬೆರಳಿನಷ್ಟು ಕೆಳಗೆ ಜಾರಿತ್ತು. ಆ ಮುಖದ ಕಲ್ಲುಗಳನ್ನು ಬಿಚ್ಚಿ, ತೊಳೆದು, ಸುಣ್ಣದ ಗಚ್ಚಿನಲ್ಲಿ ಮತ್ತೆ ಕೂರಿಸಬೇಕು ಎಂಬುದು ಕೇತಕಿ ಮ್ಯಾಡಮ್ ಅಭಿಪ್ರಾಯ. ಹಳೆಯದನ್ನು ಕೆಡವಿ ಕಾಂಕ್ರೀಟಿನ ಅಗಲ ಕಮಾನು ಕಟ್ಟಿ, ಮೇಲೆ ತೆಳು ಕಲ್ಲು ಅಂಟಿಸಿದರಾಯಿತು ಎಂಬುದು ನಗರಪಾಲಿಕೆಯ ಕೆಲವರ ಅಭಿಪ್ರಾಯ. ಮಳೆಗಾಲದೊಳಗೆ ಮುಗಿಸುವುದಾದರೆ ಮಾಡಿ ಎಂದು ಮ್ಯಾಡಮ್‌ಗೆ ಪಾಲಿಕೆಯ ಒಪ್ಪಿಗೆ ಸಿಕ್ಕಿತ್ತು. ಮೇ ಮೊದಲ ವಾರ ಪಾಲಿಕೆಯವರು ಬಂದು ನೋಡುವವರಿದ್ದರು. ಆಗ ಏನಾದರೂ ಎಡವಟ್ಟಾದರೆ ಕಾಂಕ್ರೀಟು ಕಾದೇ ಕೂತಿತ್ತು.

ಕಲ್ಲಿನ ಕೆಲಸಕ್ಕೆ ಬಂದವರು ಯಲ್ಲಪ್ಪ ಕಾಕಾ. ಬಾದಾಮಿ ಕಡೆಯ ಒಂದು ಹಳ್ಳಿಯವರು. ಮೀಸೆ ಮೂಡುವ ವಯಸ್ಸಿಗೆ ಪುಣೆಗೆ ಬಂದು ಕಲ್ಲು ಒಡೆಯಲು ಹತ್ತಿದವರಿಗೆ ಈಗ ಅರವತ್ತೈದರ ಮೇಲಾಗಿತ್ತು. ಎತ್ತರದ ಆಳು, ಬಿಳಿ ಟೋಪಿ, ಎಡಗೈಯ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪು. ಮೊದಲ ದಿನ ನಾನು ಮರಾಠಿಯಲ್ಲಿ ಮಾತಾಡಿಸಿದೆ. ಅವರೂ ಮರಾಠಿಯಲ್ಲೇ ಉತ್ತರಿಸಿದರು. ನಡುವೆ ಫೋನು ಬಂತು, ನಾನು ನಮ್ಮವರಿಗೆ "ಡಬ್ಬೀ ಚೀಲದ ತಳದಾಗ ಅದ ನೋಡ್ರಿ" ಅಂದೆ. ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದರು.

"ಅಕ್ಕಾರ, ನೀವು ನಮ್ಮ ಕಡ್ಯಾವ್ರು!"

"ಧಾರವಾಡ್ರಿ ಕಾಕಾ."

"ಮತ್ತ ಇಷ್ಟೊತ್ತು ಯಾಕ ನನ್ನ ಕೂಡ ಮರಾಠಿ ಬಡದ್ರಿ?" ಎಂದು ದೊಡ್ಡದಾಗಿ ನಕ್ಕರು. ಅಂದಿನಿಂದ ಮಧ್ಯಾಹ್ನದ ಊಟ ಒಟ್ಟಿಗೆ ಆಯಿತು; ನನ್ನ ಚಪಾತಿ ಅವರಿಗೆ, ಅವರ ಜೋಳದ ರೊಟ್ಟಿ ನನಗೆ.

ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ನಾನು ಪುಸ್ತಕದಲ್ಲಿ ಓದಿದ್ದ ಕಮಾನಿನ ಗಣಿತವನ್ನು ಒಂದು ದಿನ ಹಗ್ಗ ಮತ್ತು ಎರಡು ಗೂಟ ಇಟ್ಟುಕೊಂಡು ನೆಲದ ಮೇಲೆ ಬಿಡಿಸಿ ತೋರಿಸಿದರು. ಎಡದ ಗೂಟಕ್ಕೆ ಹಗ್ಗ ಕಟ್ಟಿ ಬಲಗಡೆ ಒಂದು ಗೆರೆ ಎಳೆದರು, ಬಲದ ಗೂಟಕ್ಕೆ ಕಟ್ಟಿ ಎಡಗಡೆ ಇನ್ನೊಂದು. ಎರಡೂ ಗೆರೆ ಮೇಲೆ ಕೂಡಿದ ಕಡೆ ಮೊನಚು ನೆತ್ತಿ ಮೂಡಿತು. "ಇದು ಆ ಕಡೆ ಬೀಳ್ತೇನಂತೈತಿ, ಅದು ಈ ಕಡೆ ಬೀಳ್ತೇನಂತೈತಿ. ಬೀಳಾಕ ಜಾಗಾ ಇಲ್ಲ. ಅದಕ್ಕ ಇಬ್ಬರೂ ನಿಂತಾರ," ಎಂದರು. ಧಾರವಾಡದ ತರಗತಿಯಲ್ಲಿ ಮೂರು ತಿಂಗಳು ಕೇಳಿದ್ದು ನನಗೆ ಆ ಮಧ್ಯಾಹ್ನ ಅರ್ಥವಾಯಿತು.

ಏಪ್ರಿಲ್ ಹೊತ್ತಿಗೆ ಬಿಸಿಲು ಹೊಡೆಯಲು ಹತ್ತಿತು. ಪಶ್ಚಿಮದ ಮುಖದ ಸಿಮೆಂಟು ಕಿತ್ತಾಗ ಒಳಗಿನ ನಿಜವಾದ ಕಲ್ಲು ಕಂಡಿತು. ಒಟ್ಟು ಇಪ್ಪತ್ತೇಳು ಬೆಣೆಗಲ್ಲು: ನೆತ್ತಿಯಲ್ಲಿ ಒಂದು, ಅದರ ಎಡಕ್ಕೆ ಹದಿಮೂರು, ಬಲಕ್ಕೆ ಹದಿಮೂರು. ಮೇಲೆ ಅಗಲ, ಕೆಳಗೆ ಕಿರಿದು. ಬಿಚ್ಚುವ ಮುಂಚೆ ಪ್ರತಿ ಕಲ್ಲಿಗೂ ನಂಬರು ಹಾಕುವುದು, ಪ್ರತಿ ಕಲ್ಲಿನ ಫೋಟೊ ತೆಗೆಯುವುದು ನನ್ನ ಕೆಲಸ. ನಾನು ಅಂಗಡಿಯಿಂದ ಅಂಟುಚೀಟಿ ತಂದೆ, ನೀರಿಗೆ ಅಳಿಯದ ಪೆನ್ನು ತಂದೆ, ಎಡದಿಂದ ಬಲಕ್ಕೆ ಒಂದರಿಂದ ಇಪ್ಪತ್ತೇಳು ಬರೆದು ಅಂಟಿಸಿದೆ.

ಯಲ್ಲಪ್ಪ ಕಾಕಾ ನೋಡುತ್ತ ನಿಂತಿದ್ದರು. "ಚೀಟಿ ನಂಬಬ್ಯಾಡ್ರಿ ಅಕ್ಕಾರ. ಬೆನ್ನಿನ ಕಡೆ, ಯಾರಿಗೂ ಕಾಣಧಂಗ, ಒಂದೊಂದು ಗುರುತು ಕಡೀತೇನಿ."

"ಹಳೇ ಕಲ್ಲಿಗೆ ಹೊಸಾ ಉಳಿ ತಾಗಸಬಾರದ್ರಿ ಕಾಕಾ. ಹಂಗ ನಿಯಮ ಅದ," ಎಂದೆ. ನಿಯಮ ಇದ್ದದ್ದು ನಿಜ. ಆದರೆ ಅದನ್ನು ಹೇಳುವಾಗ ನನ್ನ ದನಿಯಲ್ಲಿ ಡಿಪ್ಲೊಮಾದ ಜಂಬವೂ ಇತ್ತು.

ಇನ್ನು ಫೋಟೊ. ಸಿಮೆಂಟು ಕೀಳುವ ಮುಂಚಿನ ಫೋಟೊಗಳು ನನ್ನ ಹತ್ತಿರ ಇದ್ದವು. ಕಿತ್ತ ಮೇಲೆ ಮತ್ತೊಮ್ಮೆ ತೆಗೆಯಬೇಕಿತ್ತು. ಅವತ್ತು ಸಂಜೆ ಅಟ್ಟಣಿಗೆಯ ತುಂಬ ತಾಡಪಾಲು ಇಳಿಬಿಟ್ಟಿದ್ದರು, ಧೂಳು ಏಳುತ್ತಿತ್ತು, ಮಗಳು ಹಾಸ್ಟೆಲಿನಿಂದ ಮನೆಗೆ ಬರುವ ದಿನ ಬೇರೆ. ನಾಳೆ ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡೆ. ಮ್ಯಾಡಮ್‌ಗೆ ಕಳಿಸುವ ಕೆಲಸದ ಪಟ್ಟಿಯಲ್ಲಿ ಫೋಟೊದ ಮುಂದೆ ಆಗಲೇ ಗುರುತು ಹಾಕಿಬಿಟ್ಟೆ. ಮರುದಿನ ನಾನು ಬಸ್ಸಿಳಿದು ಬರುವಷ್ಟರಲ್ಲಿ ಬಿಚ್ಚುವ ಕೆಲಸ ಶುರುವಾಗಿತ್ತು. ಬಿಸಿಲೇರುವ ಮುಂಚೆ ಎಂದು ಆರಕ್ಕೇ ಬಂದಿದ್ದರು. ಮೇಲಿನ ಏಳೆಂಟು ಕಲ್ಲು ಆಗಲೇ ನೆಲದಲ್ಲಿ. ನಾನು ಬಾಯಿ ಬಿಡಲಿಲ್ಲ. ಚೀಟಿ ಇವೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬುಡದ ಎರಡು ಕಲ್ಲುಗಳು ಗಟ್ಟಿಯಾಗಿದ್ದವು, ಅವನ್ನು ಹಾಗೇ ಬಿಟ್ಟರು. ಉಳಿದ ಇಪ್ಪತ್ತೈದು ಕಲ್ಲು ಪಕ್ಕದ ಖಾಲಿ ಜಾಗದ ತಗಡಿನ ಶೆಡ್ಡಿಗೆ ಬಂದು ಸಿಕ್ಕ ಸಿಕ್ಕ ಜಾಗದಲ್ಲಿ ಕೂತವು. ಒಂದೊಂದಕ್ಕೂ ನಾಲ್ಕು ಆಳು ಬೇಕು. ಅರಳಿಯ ಬೇರು ಹೊಕ್ಕಿದ್ದ ಒಂದು ಕಲ್ಲು ಇಳಿಸುವಾಗಲೇ ಮೂರು ಹೋಳಾಯಿತು. ಅದರ ಬದಲಿಗೆ ಹೊಸದು ಕೆತ್ತಬೇಕಿತ್ತು.

ಏಪ್ರಿಲ್ ಕೊನೆಯ ವಾರ, ಒಂದು ಮಧ್ಯಾಹ್ನ ಆಕಾಶ ಇದ್ದಕ್ಕಿದ್ದ ಹಾಗೆ ಕಂದಿತು. ಮುಂಗಾರಿಗೆ ಮುಂಚೆ ಪುಣೆಯಲ್ಲಿ ಬರುವ ಗಾಳಿಮಳೆ. ಗುಲ್‌ಮೊಹರಿನ ಟೊಂಗೆಗಳು ರಸ್ತೆಗೆ ಬಿದ್ದವು, ಆಲಿಕಲ್ಲು ಬಿತ್ತು. ಎಲ್ಲರನ್ನೂ ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಹೋದರೆ ಶೆಡ್ಡಿನ ಎರಡು ತಗಡು ಹಾರಿಹೋಗಿದ್ದವು. ಚರಂಡಿ ಕಟ್ಟಿಕೊಂಡು ಮೊಣಕಾಲಿನವರೆಗೆ ಕೆಸರು ನೀರು ನಿಂತಿತ್ತು. ಆ ನೀರಿನ ಮೇಲೆ ನನ್ನ ಚೀಟಿಗಳು ತೇಲುತ್ತಿದ್ದವು. ಪೆನ್ನಿನ ಅಂಕಿ ಒಂದೂ ಅಳಿಸಿರಲಿಲ್ಲ. ಅಂಟು ಬಿಟ್ಟಿತ್ತು.

ನಾನು ಸೀರೆ ಎತ್ತಿಕಟ್ಟಿ ನೀರಿಗಿಳಿದು ಒಂದೊಂದೇ ಚೀಟಿ ಆರಿಸಿದೆ. ಆರಿಸಿ ಏನು ಮಾಡುವುದು? ನನ್ನ ನಕ್ಷೆಯಲ್ಲಿ ಎಲ್ಲ ಕಲ್ಲೂ ಹೆಚ್ಚುಕಡಿಮೆ ಒಂದೇ ಅಳತೆ. ನಿಜದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎರಡು ಮೂರು ನೂಲಿನ ವ್ಯತ್ಯಾಸ ಇತ್ತು; ನೂಲು ಎಂದರೆ ಇಂಚಿನಲ್ಲಿ ಎಂಟನೆಯ ಒಂದು ಪಾಲು. ಅಷ್ಟು ತಪ್ಪಿದರೆ ಸಂದಿ ಬಾಯಿ ಬಿಡುತ್ತದೆ, ಕಮಾನು ನಿಲ್ಲುವುದಿಲ್ಲ. ಪಕ್ಕದ ಕಲ್ಲಿಗೆ ಪಕ್ಕದ ಕಲ್ಲನ್ನೇ ಉಜ್ಜಿ ಹೊಂದಿಸಿ ಕಟ್ಟಿದ್ದರು ಆ ಹಳಬರು. ಫೋಟೊ ಇದ್ದಿದ್ದರೆ ಕಲ್ಲಿನ ಕಲೆ ನೋಡಿ ಗುರುತು ಹಿಡಿಯಬಹುದಿತ್ತು.

ಹತ್ತು ಗಂಟೆಗೆ ಕೇತಕಿ ಮ್ಯಾಡಮ್ ಬಂದರು. ಶೆಡ್ಡಿನ ಮುಂದೆ ನಿಂತು ಎಲ್ಲ ನೋಡಿ, ಗಾಬರಿಯಾಗದೆ, "ಇರಲಿ, ಫೋಟೊ ಇವೆಯಲ್ಲ" ಎಂದು ಮರಾಠಿಯಲ್ಲಿ ಹೇಳಿದರು.

ಕ್ಯಾಮೆರಾ ಕೆಟ್ಟಿತು, ಕಂಪ್ಯೂಟರಿನಲ್ಲಿ ಅಳಿಸಿಹೋಯಿತು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. "ಮ್ಯಾಡಮ್, ಮೀ ಫೋಟೊ ಕಾಢಲೇಚ ನಾಹೀತ" ಅಂದೆ. ನಾನು ತೆಗೆದೇ ಇಲ್ಲ.

"ಯಾದೀತ ತರ ಟಿಕ್ ಆಹೇ." ಪಟ್ಟಿಯಲ್ಲಿ ಗುರುತು ಇದೆಯಲ್ಲ?

"ತೇ ಖೋಟಂ ಆಹೇ." ಅದು ಸುಳ್ಳು.

ಅವರು ಬೈದಿದ್ದರೆ ಚೆನ್ನಾಗಿತ್ತು. "ಉದ್ಯಾ ಸಕಾಳೀ ಬೋಲೂ" ಎಂದಷ್ಟೇ ಹೇಳಿ ಕಾರು ಹತ್ತಿದರು. ನಾಳೆ ಬೆಳಿಗ್ಗೆ ಮಾತಾಡೋಣ. ನೋಡುವವರು ಬರಲು ಹತ್ತು ದಿನ ಉಳಿದಿತ್ತು.

ಸಂಜೆ ಮನೆಗೆ ಬಂದು ನಮ್ಮವರ ಮುಂದೆ ಎಲ್ಲ ಹೇಳಿ ಅತ್ತೆ. "ನಾಳೆ ಹೋಗಂಗಿಲ್ಲ. ಮನ್ಯಾಗ ಕೂತಿದ್ದೆ, ಇಲ್ಲೇ ಇರಬೇಕಿತ್ತು ನಾನು," ಅಂದೆ.

ಅವರು ಚಹಾ ಮಾಡಿ ತಂದು ನನ್ನ ಮುಂದಿಟ್ಟರು. "ಸುಮಂಗಲಾ, ಸುಳ್ಳು ಹೇಳಿದ್ದು ತಪ್ಪು. ಅದನ್ನ ಇವತ್ತ ನೀನಾ ತಿದ್ದೀದಿ. ಇನ್ನ ಕಲ್ಲಿಂದು. ಕಲ್ಲೇನು ಕಳದಿಲ್ಲಲಾ? ಎಲ್ಲಾ ಅಲ್ಲೇ ಅವ. ನಾಳೆ ಹೋಗು." ಅಷ್ಟೇ. ಅವರು ಎಂದೂ ಹೆಚ್ಚು ಮಾತಾಡುವವರಲ್ಲ.

ಮರುದಿನ ಎಂಟಕ್ಕೆ ಹೋದೆ. ನೀರು ಇಳಿದಿತ್ತು. ಯಲ್ಲಪ್ಪ ಕಾಕಾ ಒಬ್ಬರೇ ಶೆಡ್ಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬಕೀಟು ನೀರು, ತೆಂಗಿನ ನಾರಿನ ಬ್ರಷ್ಷು ಇಟ್ಟುಕೊಂಡು ಒಂದು ಕಲ್ಲನ್ನು ತಿಕ್ಕುತ್ತಿದ್ದರು, ಎಮ್ಮೆಯ ಮೈ ತಿಕ್ಕುವ ಹಾಗೆ.

"ಕಾಕಾ, ನೀವು ಹೇಳಿದ ಮಾತು ಕೇಳಿದ್ರ..." ಎಂದು ಶುರುಮಾಡಿದೆ.

"ಅದನ್ನ ಆಮ್ಯಾಲ ಮಾತಾಡೂಣ ಯವ್ವಾ. ಇನ್ನೊಂದು ಬ್ರಷ್ ಅಲ್ಲೈತಿ ನೋಡು, ತಗೋ." ಅವರು ನನ್ನನ್ನು ಅಕ್ಕಾರ ಎನ್ನುವುದು ಬಿಟ್ಟು ಯವ್ವಾ ಎಂದದ್ದು ಅದೇ ಮೊದಲು. "ಮೈ ಎಲ್ಲಾರಿಗೂ ಬಿಸಲಿಗೆ ಸವದಿರತೈತಿ. ಮಗ್ಗಲಾ ನೋಡಬೇಕು. ಕೂಡಿ ಕುಂತ ಮಗ್ಗಲು ಒಂದನ್ನೊಂದು ಗುರ್ತ ಹಿಡೀತಾವು."

ಕಲ್ಲಿಗೆ ಕಲ್ಲು ತಾಗಿ ಕೂರುವ ಬದಿಗಳ ಮೇಲೆ ಹಳೆಯ ಗಚ್ಚು ಮೊಸರಿನ ಕೆನೆಯ ಹಾಗೆ ಅಂಟಿತ್ತು. ಅದನ್ನು ನೆನೆಸಿ, ಬಿದಿರಿನ ಚಕ್ಕೆಯಲ್ಲಿ ಕೆರೆದು, ಬ್ರಷ್ಷಿನಲ್ಲಿ ತಿಕ್ಕಬೇಕು. ಎರಡನೆಯ ಮಗ್ಗಲು ತಿಕ್ಕುವಾಗ ಅವರ ಕೈ ನಿಂತಿತು. ಹೆಬ್ಬೆರಳಿನಿಂದ ಒಂದು ಜಾಗವನ್ನು ಮೆಲ್ಲಗೆ ಸವರಿದರು. ಮತ್ತೆ ಸವರಿದರು.

"ಇಲ್ಲೆ ಬಾ. ಇದು ಉಳಿ ಹಾರಿ ಬಿದ್ದ ಪೆಟ್ಟಲ್ಲ. ಬೇಕಂತ ಕಡದಾರ."

ಸುತ್ತಿಕೊಂಡ ಹುಳುವಿನ ಹಾಗೆ ಏನೋ ಇತ್ತು. ನನಗೆ ಗುರುತು ಹತ್ತಲಿಲ್ಲ. ಪಕ್ಕದ ಕಲ್ಲನ್ನು ಇಬ್ಬರೂ ಸೇರಿ ತಿಕ್ಕಿದೆವು. ಅಲ್ಲೂ ಒಂದು ಗುರುತು, ಬೆರಳುದ್ದದ್ದು, ಅಚ್ಚುಕಟ್ಟಾಗಿ ಕಡೆದದ್ದು. ಅದರ ಮೇಲೆ ನೀರು ಸುರಿದಾಗ ಬೆಳಕು ಹಾಯ್ದು ಗೆರೆ ಸ್ಪಷ್ಟವಾಯಿತು. ನಮ್ಮಜ್ಜನ ಮನೆಯ ಗೋಡೆಗೆ ತೂಗುತ್ತಿದ್ದ ಕ್ಯಾಲೆಂಡರಿನ ದಪ್ಪ ತಾರೀಖುಗಳು ನನ್ನ ಕಣ್ಣ ಮುಂದೆ ಬಂದವು. ಎಷ್ಟೋ ವರ್ಷದಿಂದ ನಾನು ಬರೆಯದ, ಓದದ ಅಂಕಿ.

"ಕಾಕಾ, ಇದು ನಾಕು," ಎಂದೆ. "ಕನ್ನಡದ ನಾಕು. ೪. ಆ ಮೊದಲಿಂದು ಏಳು!"

"ಖರೇನಾ?" ಎಂದರು ಅವರು. ಆಮೇಲೆ ಕಲ್ಲಿನ ಮೇಲೆ ಅಂಗೈ ಇಟ್ಟರು. "ಅಂದ್ರ ಕಟ್ಟಿದಾವ್ರು ನಮ್ಮಾವ್ರು," ಎಂದರು.

ಆ ಹೊತ್ತಿಗೆ ಕೇತಕಿ ಮ್ಯಾಡಮ್ ಬಂದಿದ್ದರು. ನನ್ನನ್ನು ತೆಗೆದುಹಾಕುವ ಮಾತು ಆಡಲೆಂದೇ ಬಂದಿದ್ದರೋ ಏನೋ, ಇವತ್ತಿಗೂ ನಾನು ಕೇಳಿಲ್ಲ. ನಾವಿಬ್ಬರೂ ಮೈ ತುಂಬ ಕೆಸರು ಮಾಡಿಕೊಂಡು ಕೂಗುತ್ತಿರುವುದನ್ನು ಕಂಡು ಒಳಗೆ ಬಂದರು. ತೋರಿಸಿದೆ. ಅವರು ತಕ್ಷಣ ನಂಬಲಿಲ್ಲ. ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯ ಅಂಕಿಗಳ ಪಟ್ಟಿ ಅವರ ಫೋನಿನಲ್ಲಿತ್ತು. ಅದನ್ನು ತೆಗೆದು ಒಂದೊಂದಾಗಿ ಹೋಲಿಸಿದರು. ಹೊಂದಲಿಲ್ಲ. ನಾನು ಕಾಗದದ ಮೇಲೆ ಕನ್ನಡದ ಒಂದರಿಂದ ಹದಿಮೂರು ಬರೆದುಕೊಟ್ಟೆ. ಬರೆಯುವಾಗ ಆರಕ್ಕೂ ಒಂಬತ್ತಕ್ಕೂ ಕೈ ತಡವರಿಸಿತು, ನಾಚಿಕೆಯಾಯಿತು. ಮ್ಯಾಡಮ್ ಆ ಕಾಗದ ಹಿಡಿದು, ಇಸ್ತ್ರಿ ಮಾಡಿದ ಸೀರೆಯಲ್ಲೇ ಕೆಸರಿನಲ್ಲಿ ಕೂತು, ಮೂರನೆಯ ಬ್ರಷ್ಷು ಕೇಳಿದರು.

ಸಂಜೆಯ ಹೊತ್ತಿಗೆ ಇಪ್ಪತ್ಮೂರು ಕಲ್ಲಿನ ಅಂಕಿ ಸಿಕ್ಕಿತು. ಎರಡರಿಂದ ಹದಿಮೂರರವರೆಗೆ ಎರಡು ಸಾಲು. ಒಂದು ಸಾಲಿನ ಅಂಕಿಗಳ ಕೆಳಗೆ ಒಂದು ಅಡ್ಡಗೀಟು, ಇನ್ನೊಂದಕ್ಕೆ ಇಲ್ಲ. ಗೀಟಿಲ್ಲದ ಎಂಟು ಮಾತ್ರ ಸಿಗಲಿಲ್ಲ. ಮೂರು ಹೋಳಾಗಿದ್ದು ಅದೇ ಕಲ್ಲು. ನೆತ್ತಿಯ ಕಲ್ಲಿಗೆ ಅಂಕಿ ಇರಲಿಲ್ಲ. ಅದಕ್ಕೆ ಬೇಕಾಗಿಯೂ ಇರಲಿಲ್ಲ, ಉಳಿದವುಗಳಿಗಿಂತ ಅದು ಅಷ್ಟು ದೊಡ್ಡದು.

ಆದರೆ ಗೀಟಿದ್ದದ್ದು ಎಡವೋ ಬಲವೋ? ಯಲ್ಲಪ್ಪ ಕಾಕಾ ಎದ್ದು ಬಕೀಟು ಹಿಡಿದು ಕಮಾನಿನ ಕಡೆ ನಡೆದರು. ಬುಡದ ಎರಡು ಕಲ್ಲು ಅಲ್ಲೇ ಇದ್ದವಲ್ಲ. ಅಟ್ಟಣಿಗೆ ಹತ್ತಿ ಬಲದ ಬುಡಗಲ್ಲಿನ ಮೇಲ್ಮೈ ತಿಕ್ಕಿದರು. ಕೆಳಗೆ ನಿಂತ ನಮ್ಮ ಮೇಲೆ ಸುಣ್ಣದ ನೀರು ತೊಟ್ಟಿಕ್ಕುತ್ತಿತ್ತು.

"ಒಂದು ಗುಂಡಂದು ಐತಿ. ಕೆಳಗ ಗೀಟೂ ಐತಿ!" ಎಂದು ಮೇಲಿಂದ ಕೂಗಿದರು. ಅದು ೧; ಗೀಟಿನ ಸಾಲು ಬಲದ್ದು. ಹೂವಿನ ಮಾವಶಿ ಏನೂ ತಿಳಿಯದೆ ಚಪ್ಪಾಳೆ ಹೊಡೆದಳು.

ಮರುದಿನ ಶೆಡ್ಡಿನ ನೆಲಕ್ಕೆ ಮರಳು ಹಾಸಿ, ಕಲ್ಲುಗಳನ್ನು ಗಚ್ಚಿಲ್ಲದೆ ಅಂಕಿಯ ಪ್ರಕಾರ ಮಲಗಿಸಿ ಜೋಡಿಸಿದೆವು. ಸಂದಿಗಳು ಒಂದಾದ ಮೇಲೊಂದು ಮುಚ್ಚಿಕೊಂಡವು. ಎಂಟರ ಜಾಗವೊಂದು ಬಿಟ್ಟು ಎಲ್ಲೂ ಕಾಗದ ತೂರಲಿಲ್ಲ. ಕಾಕಾ ಪ್ರತಿ ಕಲ್ಲಿನ ಮೇಲೂ ಬೆರಳಾಡಿಸಿ "ಇದ್ಯಾವ್ದು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಸಂಜೆಗೆ ಅವರೇ ಹೇಳಲು ಹತ್ತಿದರು.

ಕೆಲಸದ ವರದಿಯಲ್ಲಿ ನಾನು ಎರಡು ವಿಷಯ ಬರೆದೆ: ಕಲ್ಲಿನ ಒಳಬದಿಯಲ್ಲಿ ಕನ್ನಡದ ಅಂಕಿಗಳು ಸಿಕ್ಕಿದ್ದು, ಮತ್ತು ಫೋಟೊ ತೆಗೆಯದೆ ತೆಗೆದೆನೆಂದು ಗುರುತು ಹಾಕಿದ್ದು. ಎರಡನೆಯದರ ಕೆಳಗೆ ನನ್ನ ಹೆಸರು ಹಾಕಿದೆ. ಮ್ಯಾಡಮ್ ಓದಿ ಒಂದಕ್ಷರ ತಿದ್ದಲಿಲ್ಲ. "ಮುಂದಿನ ಕೆಲಸ ಜೂನ್‌ನಲ್ಲಿದೆ. ಹೀಗೇ ಬರೆಯುವುದಾದರೆ ಬನ್ನಿ" ಎಂದರು. ಇವತ್ತಿಗೂ ನಾನು ಅವರ ಕಚೇರಿಯಲ್ಲೇ ಇದ್ದೇನೆ.

ನೋಡುವವರು ಬಂದಾಗ ನೆಲದ ಮೇಲೆ ಮಲಗಿದ ಇಡೀ ಕಮಾನನ್ನು ಕಂಡರು. ಕಾಂಕ್ರೀಟಿನ ಮಾತನ್ನು ಯಾರೂ ಎತ್ತಲಿಲ್ಲ.

ಹೊಸ ಎಂಟನೆಯ ಕಲ್ಲನ್ನು ಯಲ್ಲಪ್ಪ ಕಾಕಾ ಐದು ದಿನ ಕೆತ್ತಿದರು. ಕೂರಿಸುವ ದಿನ ನನ್ನನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟರು.

"ಹೊಸಾ ಕಲ್ಲಿಗೆ ಉಳಿ ತಾಗಸಬಹುದಲಾ? ನಿಮ್ಮ ನಿಯಮ ಏನಂತೈತಿ?"

"ತಾಗಸಬಹುದ್ರಿ," ಎಂದೆ ನಗುತ್ತ.

"ಹಂಗಾರ ಎಂಟು ಬರಿ. ನೀ ಬರಿ, ನಾ ಕಡೀತೇನಿ. ಮುಂದ ಯಾವಾಗರ ಬಿಚ್ಚಿದಾವ್ರಿಗೆ ತ್ರಾಸ ಆಗಬಾರದು."

ನಾನು ಕಲ್ಲಿನ ಬದಿಯ ಮೇಲೆ ದುಂಡಗೆ ೮ ಬರೆದೆ. ಅವರು ನನ್ನ ಗೆರೆಯನ್ನು ಒಂದು ಕೂದಲೆಳೆಯೂ ಮೀರದೆ ಕಡೆದರು. ಆಮೇಲೆ ಅದರ ಮೇಲೆ ಸುಣ್ಣ, ಮರಳು, ಬೆಲ್ಲದ ನೀರಿನ ಗಚ್ಚು ಬಿತ್ತು, ಒಂಬತ್ತನೆಯ ಕಲ್ಲು ಕೂತಿತು. ನನ್ನ ಕೈಬರಹ ಒಳಗೆ ಹೋಯಿತು.

ಜೂನ್ ಮೊದಲ ವಾರ, ಗಚ್ಚು ಹಿಡಿದಿದೆ ಎಂದು ಖಾತ್ರಿಯಾದ ಮೇಲೆ, ಕಮಾನಿನ ಕೆಳಗಿನ ಕಲ್ಲುಗಳ ಭಾರ ಹೊತ್ತಿದ್ದ ಮರದ ಸೆಂಟ್ರಿಂಗ್ ಇಳಿಸುವ ದಿನ ಬಂತು. ಕಂಬಗಳ ಬುಡದ ಬೆಣೆಗಳನ್ನು ಸುತ್ತಿಗೆಯಿಂದ ಒಂದಿಷ್ಟೊಂದಿಷ್ಟೇ ಸಡಿಲಿಸಬೇಕು. ಕಾಕಾ ಟೋಪಿ ಸರಿಮಾಡಿಕೊಂಡು ಕಮಾನಿನ ನಟ್ಟನಡುವೆ ಹೋಗಿ ನಿಂತರು. "ಕಟ್ಟಿದಾಂವ ಕೆಳಗ ನಿಂದ್ರಬೇಕು" ಎಂದಷ್ಟೇ ಹೇಳಿದರು. ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ನಾನು ಹಗ್ಗದ ಈಚೆ ಅಳತೆಪಟ್ಟಿ ಹಿಡಿದು ನಿಂತೆ. ಬೆಣೆ ಸಡಿಲವಾದಾಗ ಮೇಲೆಲ್ಲೋ ಕಟ್ ಎಂದು ಒಂದು ಸದ್ದಾಯಿತು. ಕಾಕಾ ಕತ್ತೆತ್ತಿಯೂ ನೋಡಲಿಲ್ಲ. ಕಮಾನು ಒಂದೂವರೆ ನೂಲು ಇಳಿದು, ತನ್ನ ಭಾರವನ್ನು ತಾನು ಹೊತ್ತು, ನಿಂತಿತು. ಮೂರು ದಿನಕ್ಕೆ ಮಳೆಗಾಲ ಹಿಡಿಯಿತು. ಹೂವಿನ ಮಾವಶಿ ತನ್ನ ಬುಟ್ಟಿ ಎತ್ತಿಕೊಂಡು ಕೆಳಗೆ ಬಂದು ಕೂತಳು.

ಆ ವಾರವೇ ಕಾಕಾ ಊರಿಗೆ ಹೊರಟರು. ಮಧ್ಯಾಹ್ನದ ಬಸ್ಸು. ನಾನು ಶೇಂಗಾ ಹೋಳಿಗೆ ಕಟ್ಟಿಕೊಂಡು ಸ್ವಾರ್‌ಗೇಟ್ ಬಸ್ ನಿಲ್ದಾಣಕ್ಕೆ ಹೋದೆ. ಜನ ನೋಡುತ್ತಿರುವಾಗಲೇ ಬಗ್ಗಿ ಅವರ ಕಾಲು ಮುಟ್ಟಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಏ, ಏನ್ ಮಾಡ್ತೀಯವ್ವಾ!" ಎಂದು ನನ್ನ ತಲೆಯ ಮೇಲೆ ಕೈ ಇಟ್ಟು ತಕ್ಷಣ ತೆಗೆದರು. ಹೋಳಿಗೆಯ ಡಬ್ಬಿಯನ್ನು ಅವರ ಚೀಲದಲ್ಲಿ ಇಟ್ಟೆ.

ಕರ್ನಾಟಕದ ಕೆಂಪು ಬಸ್ಸುಗಳು ಮೂರು ಸಾಲಾಗಿ ನಿಂತಿದ್ದವು. ಫಲಕಗಳು ಮಳೆಗೆ ಮಸುಕಾಗಿದ್ದವು. "ತಡೀರಿ, ಕಂಡಕ್ಟರನ್ನ ಕೇಳ್ತೀನಿ," ಎಂದು ನಾನು ಹೊರಟೆ.

"ನಿಂದ್ರು," ಎಂದರು ಕಾಕಾ.

ನಲವತ್ತೆಂಟು ವರ್ಷ ಆ ನಿಲ್ದಾಣದಲ್ಲಿ ಯಾರನ್ನಾದರೂ ಕೇಳಿಯೇ ಬಸ್ಸು ಹತ್ತಿದ ಮನುಷ್ಯ, ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೊದಲ ಬಸ್ಸಿನ ಮೂತಿಯ ಮುಂದೆ ಹೋಗಿ ನಿಂತರು. ಕನ್ನಡದಲ್ಲಿ ಬರೆದ ನಂಬರ್ ಹಲಗೆಯ ಮೇಲಿನ ಮಳೆನೀರನ್ನು ಅಂಗೈಯಿಂದ ಒರೆಸಿದರು. ನೋಡಿ ತಲೆ ಅಲ್ಲಾಡಿಸಿದರು. ಎರಡನೆಯ ಬಸ್ಸಿನ ಮುಂದೆ ಹೋಗಿ ಮತ್ತೆ ಒರೆಸಿದರು. ಕಪ್ಪು ಉಗುರಿನ ಹೆಬ್ಬೆರಳು ಮೊದಲ ಅಂಕಿಯ ಮೇಲೆ ನಿಧಾನ ಸರಿಯಿತು, ಆಮೇಲೆ ಎರಡನೆಯದರ ಮೇಲೆ.

"ಎರಡು... ಒಂಬತ್ತು," ಎಂದರು. ತಿರುಗಿ ನನ್ನ ಕಡೆ ನೋಡಿದಾಗ ಅವರ ಮೀಸೆಯ ತುಂಬ ಮಳೆಹನಿ. "ಇಪ್ಪತ್ತೊಂಬತ್ತು, ಹೌದಲ್ಲ? ಬಾಗಲಕೋಟಿ ಗಾಡಿಗೋಳ ನಂಬರು ಅದು. ಇದು ನಮ್ಮ ಬಸ್ಸವ್ವಾ."